ಅಕ್ಕನ ಗ್ಯಾಸ್ಟ್ರಿಕ್

ನನ್ನ ಅಕ್ಕ ಆಸ್ಪತ್ರೆಗೆ ಹೊರಟರೆ ಮದುವೆಗೆ ಹೊರಟವಳ ಹಾಗೆ ಕಾಣುತ್ತಾಳೆ. ಇದು ಅವಳೊಬ್ಬಳ ಹುಚ್ಚಲ್ಲ, ನಮ್ಮ ಕಡೆಯ ಹೆಂಗಸರೆಲ್ಲರ ಹುಚ್ಚು. ನಮ್ಮಮ್ಮನೂ ಹಾಗೆಯೇ ಇದ್ದಳು. ಜ್ವರದಲ್ಲಿ ಮೈ ಸುಡುತ್ತಿದ್ದರೂ ತಲೆ ಬಾಚಿ, ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಉಟ್ಟು, ಹಣೆಗೆ ವಿಭೂತಿ, ಅದರ ಕೆಳಗೆ ಕುಂಕುಮ, ಮುಡಿಗೆ ಒಂದು ತುಂಡು ಹೂವು, ಕೈತುಂಬ ಬಳೆ. ಡಾಕ್ಟರ ಮುಂದೆ ಕೆದರಿದ ತಲೆಯಲ್ಲಿ ಹೋಗಿ ಕೂತರೆ ಗಂಡನ ಮನೆಯವರು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಎಂದು ಜನ ಆಡಿಕೊಳ್ಳುತ್ತಾರಂತೆ. ಅದಕ್ಕೂ ಮೊದಲು ಮನೆಮಂದಿಗೆಲ್ಲ ಮಧ್ಯಾಹ್ನದ ಅಡುಗೆ ಮಾಡಿ ಮುಚ್ಚಿಟ್ಟು ಹೊರಡಬೇಕು. ಹೀಗಾಗಿ ನಮ್ಮ ಕಡೆ ಹೆಂಗಸು ಎಷ್ಟು ಹೆಚ್ಚು ಕಾಯಿಲೆ ಬೀಳುತ್ತಾಳೋ ಅಷ್ಟು ಚೆನ್ನಾಗಿ ಕಾಣುತ್ತಾಳೆ. ಡಾಕ್ಟರುಗಳೂ ಅದನ್ನೇ ನಂಬುತ್ತಾರೆ. ಕಣ್ಣಿದ್ದೂ ಸೀರೆಯಂಚಿನಿಂದ ಆಚೆಗೆ ನೋಡಲಾರದವರ ಬಗ್ಗೆ ನನಗೀಗ ಹೇಸಿಗೆಯೊಂದನ್ನು ಬಿಟ್ಟು ಬೇರೇನೂ ಉಳಿದಿಲ್ಲ.

ಅಕ್ಕನನ್ನು ಕೊಟ್ಟದ್ದು ಅರಕಲಗೂಡಿಗೆ. ಭಾವನದು ಪೇಟೆಯಲ್ಲಿ ಗೊಬ್ಬರ, ಬೀಜದ ಅಂಗಡಿ. ಊರ ಹೊರಗೆ ಶುಂಠಿ, ಆಲೂಗೆಡ್ಡೆ ಬೆಳೆಯುವ ಹೊಲವಿದೆ. ಮನೆಯಲ್ಲಿ ಭಾವನ ತಾಯಿ ಇದ್ದಾರೆ. ನಾನು ಚನ್ನರಾಯಪಟ್ಟಣದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ, ಮದುವೆಯಾಗಿಲ್ಲ. ಮದುವೆಯಾಗದ ವಿಷಯವನ್ನು ಇಲ್ಲಿ ಯಾಕೆ ತಂದೆನೆಂದರೆ, ತಲೆನೋವೆಂದು ನಾನು ಹೋದಾಗಲೆಲ್ಲ ಡಾಕ್ಟರುಗಳು ಮೊದಲು ವಿಚಾರಿಸಿದ್ದು ಅದನ್ನೇ. ತಾಳಿ ಕಟ್ಟಿಸಿಕೊಂಡರೆ ಅರ್ಧತಲೆನೋವು ಹೋಗುತ್ತದೆಂದು ಯಾವ ಕಾಲೇಜಿನಲ್ಲಿ ಹೇಳಿಕೊಡುತ್ತಾರೋ ನನಗೆ ತಿಳಿಯದು. ಅಕ್ಕನಿಗೆ ಮದುವೆಯಾಗಿದೆ, ಮಕ್ಕಳಾಗಿವೆ, ಒಳ್ಳೆಯ ಗಂಡನಿದ್ದಾನೆ. ಅವಳ ನೋವಿಗೆ ಆ ಕಾರಣ ಹೊಂದುತ್ತಿರಲಿಲ್ಲ. ಹಾಗಾಗಿ ಅವಳಿಗೆ ಗ್ಯಾಸು ಎಂದರು.

ಕಳೆದ ವರ್ಷ ಸಂಕ್ರಾಂತಿ ಕಳೆದ ಮೇಲೆ, ಶುಂಠಿ ಕೀಳಿಸುವ ಕಾಲದಲ್ಲಿ ಅದು ಶುರುವಾಯಿತು. ಆಳುಗಳಿಗೆ ಊಟದ ಬುಟ್ಟಿ ಹೊತ್ತು ಹೊಲಕ್ಕೆ ಹೋಗುವಾಗ ಅರ್ಧ ದಾರಿಯಲ್ಲಿ ಅವಳು ಬದುವಿನ ಮೇಲೆ ಕೂರಬೇಕಾಗುತ್ತಿತ್ತು. ಫೋನಿನಲ್ಲಿ ಹೇಳಿದಳು:

"ಬೆನ್ನ ಮಧ್ಯಕ್ಕೆ ಯಾರೋ ಮೊಣಕೈ ಊರಿ ಒತ್ತಿದಂಗಾಯ್ತದೆ ಕಣೇ. ಆಮೇಲೆ ಎಡಗಡೆ ದವಡೆ ಎಳೀತದೆ. ಮೈಯೆಲ್ಲಾ ಬೆವ್ರು. ಒಂದ್ ಗಳ್ಗೆ ಕೂತ್ರೆ ಓಯ್ತದೆ. ಓದ್ಮೇಲೆ ನಂಗೇನಾಗಿತ್ತು ಅಂತ್ಲೇ ಗೊತ್ತಾಗಾಕಿಲ್ಲ."

ಒಬ್ಬ ಹೆಂಗಸು ತನ್ನ ನೋವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಗೆ ಹೇಳಬೇಕು? ನೋವು ಎಲ್ಲಿ ಹುಟ್ಟಿ ಎಲ್ಲಿಗೆ ಹೋಗುತ್ತದೆ, ಯಾವಾಗ ಬರುತ್ತದೆ, ಯಾವಾಗ ಬಿಡುತ್ತದೆ, ಎಲ್ಲ ಆ ಮಾತಿನಲ್ಲೇ ಇತ್ತು. ಭಾನುವಾರ ನಾನೇ ಅರಕಲಗೂಡಿಗೆ ಹೋಗಿ, ಭಾವನನ್ನೂ ಎಬ್ಬಿಸಿಕೊಂಡು ಅವಳನ್ನು ಡಾಕ್ಟರ ಬಳಿ ಹೊರಡಿಸಿದೆ. ಅವಳು ಹಸಿರು ರೇಷ್ಮೆ ಸೀರೆ ಉಟ್ಟಳು. ಕಾರಿನಲ್ಲಿ ಭಾವನಿಗೆ ಪಾಠ ಹೇಳಿಕೊಡುತ್ತಿದ್ದಳು: "ನೀವೇ ಹೇಳ್ಬುಡಿ. ನಂಗೆ ಅವ್ರ ಮುಂದೆ ಬಾಯ್ ಬರಾಕಿಲ್ಲ."

ಅದೂ ನಮ್ಮ ಕಡೆಯ ಪದ್ಧತಿ. ನೋವು ಹೆಂಡತಿಯದು, ಬಾಯಿ ಗಂಡನದು. ಹೆಂಗಸು ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕೂರಬೇಕು, ಗಂಡಸು ಕುರ್ಚಿಯಲ್ಲಿ ಕೂತು ಅವಳ ಹೊಟ್ಟೆ, ಬೆನ್ನು, ಮುಟ್ಟು ಎಲ್ಲದರ ವರದಿ ಒಪ್ಪಿಸಬೇಕು. ಅವನಿಗೆ ಗೊತ್ತಿರುವುದಾದರೂ ಎಷ್ಟು? ಹೆಂಡತಿ ಅಡುಗೆಮನೆಯಲ್ಲಿ ಗೋಡೆ ಹಿಡಿದು ನಿಂತದ್ದು ಅವನು ನೋಡಿದ್ದರೆ ತಾನೇ?

ಆ ಡಾಕ್ಟರು ಊರಿಗೇ ಬೇಕಾದವರು, ಕೈಗುಣ ಚೆನ್ನಾಗಿದೆ ಎಂದು ಹೆಸರು ಪಡೆದ ಹಿರಿಯರು. ಅಕ್ಕ ಸ್ಟೂಲಿನ ಮೇಲೆ ಕೂತಿದ್ದಾಳೆ, ಅವರು ಭಾವನನ್ನು ನೋಡಿ ಕೇಳಿದರು: "ಏನಂತೆ ಮನೆಯವ್ರಿಗೆ?"

"ವಸಿ ಗ್ಯಾಸು ಸಾ. ಹೊತ್ತೊತ್ತಿಗೆ ಸರ್ಯಾಗಿ ಉಣ್ಣಾಕಿಲ್ಲ."

ಕಾರಿನಲ್ಲಿ ಅಷ್ಟು ಹೊತ್ತು ಹೇಳಿಕೊಟ್ಟದ್ದರಲ್ಲಿ ಭಾವನಿಗೆ ನೆನಪುಳಿದದ್ದು ಇಷ್ಟು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗೆ, ಡಾಕ್ಟರು ಆಗಲೇ ಪೆನ್ನು ತೆಗೆದು ಬರೆಯತೊಡಗಿದ್ದರು. ನಾನು ಹಿಂದಿನಿಂದ ಬೆನ್ನು, ದವಡೆ, ಬೆವರು ಎಂದೆಲ್ಲ ಹೇಳಿದೆ. ಅವರು ನನ್ನ ಕಡೆ ಒಮ್ಮೆ ನೋಡಿ, ನನ್ನ ಬಾಯಿ ಮುಚ್ಚಿಸುವುದಕ್ಕೆಂದೇ ಸ್ಟೆತಸ್ಕೋಪು ಎತ್ತಿಕೊಂಡು ರೇಷ್ಮೆ ಸೆರಗಿನ ನಾಲ್ಕು ಮಡಿಕೆಯ ಮೇಲೆ ಒತ್ತಿದರು. ಕಾವಲಿ ಕಾದಿದೆಯೋ ಇಲ್ಲವೋ ಎಂದು ಬೆರಳು ತಾಗಿಸಿ ತೆಗೆಯುತ್ತೇವಲ್ಲ, ಅಷ್ಟೇ ಹೊತ್ತು.

"ಖಾರ ಕಮ್ಮಿ ಮಾಡಮ್ಮ. ನೋಡಕ್ಕೆ ಹುಷಾರಾಗೇ ಇದ್ದೀಯಲ್ಲ, ಯಾವುದೋ ಫಂಕ್ಷನ್‌ಗೆ ಹೊರಟಂಗಿದ್ದೀಯ" ಎಂದು ನಕ್ಕರು. ಅಕ್ಕನಿಗೆ ಸಂತೋಷವಾಯಿತು! ನಾನು ಕಣ್ಣಾರೆ ಕಂಡೆ. ಹುಷಾರಾಗಿ ಕಾಣುತ್ತಿದ್ದೀಯ ಎಂದದ್ದಕ್ಕೆ ನಾಚಿ ಸೆರಗು ಸರಿಮಾಡಿಕೊಂಡಳು. ಅಲ್ಲಿಂದ ಮುಂದಕ್ಕೆ ಡಾಕ್ಟರು ಭಾವನ ಜೊತೆ ಶುಂಠಿಯ ಕೊಳೆರೋಗದ ಬಗ್ಗೆ ಮಾತಿಗಿಳಿದರು. ಅವರಿಗೂ ಎಲ್ಲೋ ಒಂದಷ್ಟು ಶುಂಠಿಯಿತ್ತು. ಎಲೆ ಯಾವಾಗ ಹಳದಿಯಾಯಿತು, ಗೆಡ್ಡೆ ಬುಡದಲ್ಲಿ ಮೆತ್ತಗಾಗಿದೆಯೇ, ವಾಸನೆ ಬರುತ್ತದೆಯೇ ಎಂದು ಒಂದೊಂದನ್ನೇ ಬಿಡಿಸಿ ಬಿಡಿಸಿ ಕೇಳಿದರು. ಶುಂಠಿಗೆ ಅವರು ನಿಜಕ್ಕೂ ಒಳ್ಳೆಯ ಡಾಕ್ಟರು.

ಭಾವ ಕೆಟ್ಟವನಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಓದುವವರು ಎಲ್ಲ ಸೇರಿಸಿ ಅವನ ತಲೆಗೇ ಕಟ್ಟಿಬಿಡುತ್ತಾರೆ. ಕುಡಿಯುವುದಿಲ್ಲ, ಹೊಡೆಯುವುದಿಲ್ಲ, ಹೆಂಡತಿಗೆ ಏನು ಬೇಕೆಂದರೂ ಇಲ್ಲವೆನ್ನುವುದಿಲ್ಲ. ತಿನ್ನುವುದರಲ್ಲಿ ಮಾತ್ರ ಕೈ ಹಿಡಿತವಿಲ್ಲ. ಡಾಕ್ಟರು ಕೊಟ್ಟ ಗುಲಾಬಿ ಬಣ್ಣದ ಮಾತ್ರೆಯನ್ನು ಊಟಕ್ಕೆ ಮುಂಚೆ ತಾನೇ ನೆನಪಿಟ್ಟು ಅವಳ ಅಂಗೈಗೆ ಹಾಕುತ್ತಿದ್ದ. ಅವಳು ನುಂಗುತ್ತಿದ್ದಳು. ನೋವು ತನ್ನ ಪಾಡಿಗೆ ಬರುತ್ತಿತ್ತು.

ಯುಗಾದಿಯ ಹೊತ್ತಿಗೆ ಬೆನ್ನಿಗಿಂತ ದವಡೆ ಹೆಚ್ಚು ಎಳೆಯತೊಡಗಿತು. ಭಾವನಿಗೆ ಹೊಳೆನರಸೀಪುರದಲ್ಲಿ ವ್ಯಾಪಾರದ ಕೆಲಸವಿತ್ತು, ಅಲ್ಲೊಬ್ಬ ಹಲ್ಲಿನ ಡಾಕ್ಟರು ಇದ್ದಾರೆಂದು ಅಕ್ಕನನ್ನೂ ಕರೆದುಕೊಂಡು ಹೋದ. ಆ ಡಾಕ್ಟರು ಬಾಯಿ ತೆಗೆಸಿ ನೋಡಿದರು, ಎಕ್ಸ್‌ರೇ ತೆಗೆದರು, ಏನೂ ಕಾಣಲಿಲ್ಲ. ಕಾಣಲಿಲ್ಲ ಎಂದು ಅವರೇ ಹೇಳಿದರಂತೆ. ಹೇಳಿ, "ನೋವು ಅಂತೀರಲ್ಲ, ತೆಗೆದೇಬಿಡೋಣ" ಎಂದು ಎಡಗಡೆಯ ದವಡೆ ಹಲ್ಲನ್ನು ಕಿತ್ತರು. ಕಿತ್ತ ಹಲ್ಲನ್ನು ಅಕ್ಕ ಕಾಗದದಲ್ಲಿ ಕಟ್ಟಿಕೊಂಡು ಬಂದಿದ್ದಳು. ನಾನು ನೋಡಿದೆ. ಒಂದು ಕಪ್ಪು ಚುಕ್ಕೆ ಕೂಡ ಇಲ್ಲ, ಕಬ್ಬು ಸಿಗಿದು ತಿನ್ನುವಂಥ ಹಲ್ಲು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ನಾನು ಮಕ್ಕಳಿಗೆ ಎಷ್ಟೋ ಸಲ ನಗುನಗುತ್ತಾ ಹೇಳಿದ್ದೇನೆ. ಅಕ್ಕನ ಬಾಯಲ್ಲಿ ತುರುಕಿದ ರಕ್ತದ ಹತ್ತಿ ನೋಡಿದ ಮೇಲೆ ಆ ಗಾದೆಗೆ ನಗುವುದನ್ನು ಬಿಟ್ಟೆ.

ಹಲ್ಲು ಹೋದರೂ ನೋವು ಹೋಗಲಿಲ್ಲ. ಅಕ್ಕ ಮತ್ತೆ ಹೋಗಿ ಹೇಳಿದಾಗ ಆ ಡಾಕ್ಟರು ಭಾವನಿಗೆ ಹೇಳಿದ್ದು: "ಹಲ್ಲೇ ಇಲ್ಲದ ಜಾಗದಲ್ಲಿ ನೋವು ಹೇಗೆ ಬರುತ್ತೆ? ಅದು ಮನಸ್ಸಿಗೆ ಸಂಬಂಧಪಟ್ಟಿದ್ದು." ಎಂಥ ಬುದ್ಧಿವಂತಿಕೆ! ಹಲ್ಲಿನದಲ್ಲ ಎಂಬಲ್ಲಿಯವರೆಗೆ ಸರಿಯಾಗಿ ಬಂದ ಮನುಷ್ಯ, ಮತ್ತೆ ಯಾವುದರದ್ದು ಎಂದು ಯೋಚಿಸುವ ಕಷ್ಟ ಬೇಡವೆಂದು ಮನಸ್ಸಿನ ಮೇಲೆ ಹಾಕಿಬಿಟ್ಟ. ಹೆಂಗಸರ ಮನಸ್ಸು ಎಂದರೆ ಊರ ಮುಂದಿನ ತಿಪ್ಪೆ. ಯಾರಿಗೆ ಏನು ಬೇಡವೋ ಅದನ್ನು ಅಲ್ಲಿ ತಂದು ಸುರಿಯಬಹುದು.

ಬೇಸಿಗೆ ರಜೆಯಲ್ಲಿ ನಾನು ಅಕ್ಕನನ್ನು ಚನ್ನರಾಯಪಟ್ಟಣಕ್ಕೆ ಕರೆಸಿಕೊಂಡೆ. ಇಲ್ಲಿ ಒಬ್ಬ ಲೇಡಿ ಡಾಕ್ಟರು ಇದ್ದರು. ಹೆಂಗಸಾದರೂ ಹೆಂಗಸಿನ ಮಾತು ಕೇಳಿಸಿಕೊಳ್ಳುತ್ತಾಳೆ ಎಂದು ನಂಬಿದೆ. ಭಾವನನ್ನು ಬರಬೇಡ ಎಂದೆ. ಬಸ್ ಸ್ಟ್ಯಾಂಡಿನಿಂದ ಕ್ಲಿನಿಕ್ಕಿಗೆ ನಡೆಯುವಾಗ ಅಕ್ಕ ಒಂದು ಕಡೆ ನಿಂತು ಬಟ್ಟೆ ಅಂಗಡಿಯ ಗಾಜಿನೊಳಗಿನ ಸೀರೆಯನ್ನು ನೋಡತೊಡಗಿದಳು. ನೋಡೇ ನೋಡಿದಳು. ಸೀರೆಯ ಆಸೆಯಲ್ಲ, ನೋವು ಹೋಗುವವರೆಗೆ ನಿಲ್ಲಲು ಅವಳು ಕಂಡುಕೊಂಡ ನೆಪ ಎಂದು ಅವಳ ಮೂಗಿನ ಮೇಲಿನ ಬೆವರು ನೋಡಿ ಗೊತ್ತಾಯಿತು. ಮನೆಯಲ್ಲೂ ಹೀಗೇ ಮಾಡುತ್ತಿದ್ದಳಂತೆ. ನಾಗಂದಿಗೆಯ ಹಲಗೆಯ ಮೇಲೆ ಏನೋ ಹುಡುಕುವಂತೆ, ಚಪ್ಪಲಿಯ ಉಂಗುಷ್ಟ ಸರಿಮಾಡುವಂತೆ. ಅತ್ತೆ ನೋಡಿದರೆ, "ನಾವೆಲ್ಲ ಈ ವಯಸ್ನಾಗೆ ಕಣದಲ್ಲಿ ರಾಗಿ ಬಡೀತಿದ್ವಿ ಕಣವ್ವ" ಎನ್ನುತ್ತಿದ್ದರಂತೆ.

ಲೇಡಿ ಡಾಕ್ಟರು ಅಕ್ಕನನ್ನೇ ನೇರವಾಗಿ ಕೇಳಿದಾಗ ನನಗೆ ಅರ್ಧ ಜೀವ ಬಂತು. ಕೇಳಿದ ಪ್ರಶ್ನೆ ಮಾತ್ರ ಒಂದೇ.

"ಮುಟ್ಟು ನಿಂತಿದೆಯಾ?"

"ಇಲ್ಲ ಮೇಡಂ, ವಸಿ ಇಂದೆ ಮುಂದೆ ಆಯ್ತಾ ಅದೆ."

"ಅದೇ ಮತ್ತೆ" ಎಂದು ಅವರು ಕುರ್ಚಿಗೆ ಒರಗಿದರು. ಲೆಕ್ಕ ಬಿಡಿಸಿದ್ದಾಯಿತು, ಉತ್ತರ ಸಿಕ್ಕಿತು. ನಾವು ಹೇಳಿದ ಬೆನ್ನು, ದವಡೆ, ಬೆವರು ಎಲ್ಲ ಅದರದ್ದೇ ಆಯಿತು. "ಈ ವಯಸ್ಸಲ್ಲಿ ಇವೆಲ್ಲ ಇದ್ದದ್ದೇ. ನನಗೂ ಆಗುತ್ತೆ, ನಾನು ಹೇಳಿಕೊಂಡು ತಿರುಗ್ತೀನಾ?"

ನಾನು ಇಸಿಜಿ ಒಂದು ಮಾಡಿಸಬಹುದೇ ಎಂದು ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಟೀಚರ್ ಅಲ್ವಾ? ಮೊಬೈಲ್‌ನಲ್ಲಿ ಎಲ್ಲ ಓದ್ಕೊಂಡು ಬಂದಿದ್ದೀರಿ. ಮುಟ್ಟು ನಿಲ್ಲೋ ತನಕ ಹೆಂಗಸರಿಗೆ ಹಾರ್ಟಿನ ತೊಂದರೆ ಬರಲ್ಲ. ಸುಮ್ಮನೆ ಅವರನ್ನೂ ಹೆದರಿಸಬೇಡಿ" ಎಂದರು. ಕ್ಯಾಲ್ಸಿಯಂ ಮಾತ್ರೆ, ನಿದ್ದೆಯ ಮಾತ್ರೆ ಬರೆದುಕೊಟ್ಟರು. ಸೀರಿಯಲ್ ನೋಡುವುದು ಕಡಿಮೆ ಮಾಡಿ ಧ್ಯಾನ ಮಾಡಬೇಕೆಂದರು. ಅಕ್ಕ ಸೀರಿಯಲ್ ನೋಡುವವಳೇ ಅಲ್ಲ. ಆ ಹೊತ್ತಿನಲ್ಲಿ ಅವಳು ರಾತ್ರಿಯ ಮುದ್ದೆ ತೊಳಸುತ್ತಿರುತ್ತಾಳೆ.

ಗಂಡಸು ಡಾಕ್ಟರು ನಕ್ಕಾಗ ಬರೀ ಸಿಟ್ಟು ಬಂದಿತ್ತು. ಈ ಹೆಂಗಸಿನ ಮಾತಿಗೆ ಹೇಸಿಗೆಯಾಯಿತು. ತನ್ನ ಮೈಯ ನೋವನ್ನೇ ಲೆಕ್ಕಕ್ಕಿಟ್ಟುಕೊಳ್ಳದವಳು ಇನ್ನೊಬ್ಬಳದನ್ನು ಇಟ್ಟುಕೊಳ್ಳುತ್ತಾಳೆಯೇ? ನಾನು ಹಾಸನಕ್ಕೆ ಹೋಗೋಣ, ದೊಡ್ಡ ಡಾಕ್ಟರಿಗೆ ತೋರಿಸೋಣ ಎಂದೆ. ಅಕ್ಕ ಒಪ್ಪಲಿಲ್ಲ.

"ಬುಡೇ ಸಾಕು. ಎಂಗಸ್ರೇ ಹೇಳಿದ್ ಮೇಲೆ ಇನ್ನೇನು? ಎಷ್ಟು ಜನ್ರ ಮುಂದೆ ಕೂತ್ಕಂಡು ಇಲ್ದಿದ್ ಕಾಯಿಲೆ ಹೇಳ್ಲಿ? ನಂಗೇ ನಾಚ್ಕೆ ಆಯ್ತದೆ."

ಇಲ್ಲದ ಕಾಯಿಲೆ! ಮೂವರು ಓದಿದವರು ಸೇರಿ ಅವಳ ಮೈಯ ಸುದ್ದಿಯನ್ನು ಅವಳೇ ನಂಬದ ಹಾಗೆ ಮಾಡಿಟ್ಟಿದ್ದರು. ಅಲ್ಲಿಂದ ಮುಂದೆ ಅವಳು ಫೋನಿನಲ್ಲಿ ನೋವಿನ ಮಾತೆತ್ತುವುದನ್ನೇ ಬಿಟ್ಟಳು. ಹೇಗಿದ್ದೀಯ ಎಂದರೆ ಆರಾಮಾಗಿದ್ದೀನಿ ಎಂದು ಹೇಳಿ ಮಳೆಯ ಮಾತಿಗೆ ಹೋಗಿಬಿಡುತ್ತಿದ್ದಳು.

ಶ್ರಾವಣದಲ್ಲಿ ಭಾವನ ತಮ್ಮ ಹಾಸನದಲ್ಲಿ ಕಟ್ಟಿಸಿದ ಹೊಸ ಮನೆಯ ಗೃಹಪ್ರವೇಶ ನಡೆಯಿತು. ನಾನೂ ಹೋಗಿದ್ದೆ. ಅಕ್ಕ ಹಿಂದಿನ ದಿನವೇ ಬಂದು ಹೋಳಿಗೆಯ ಕಣಕ ನಾದುವುದರಿಂದ ಎಲೆ ತೊಳೆಯುವವರೆಗೆ ಎಲ್ಲದರಲ್ಲಿ ಇದ್ದಳು. ಭಾವ ಊಟದ ಪಂಕ್ತಿಯಲ್ಲಿದ್ದ. ಹೋಳಿಗೆಯ ಮೇಲೆ ತುಪ್ಪ, ತುಪ್ಪದ ಮೇಲೆ ಹೋಳಿಗೆ, ನಡುನಡುವೆ ಬಿಸಿ ಬೋಂಡ. ಬಡಿಸುವವರು ಸಾಕೆಂದರೂ ಅವನು ಸಾಕೆನ್ನಲಿಲ್ಲ. ಎಲೆ ಎತ್ತಿದ ಸ್ವಲ್ಪ ಹೊತ್ತಿಗೆ ಎದೆ ಹಿಡಿದುಕೊಂಡು ದಿವಾನದ ಮೇಲೆ ಕೂತ.

"ಎದೆ ಉರೀತದೆ ಕಣ್ಲಾ" ಎಂದು ತಮ್ಮನಿಗೆ ಹೇಳಿದ್ದಷ್ಟೇ. ಮನೆಯಲ್ಲಿದ್ದ ಗಂಡಸರೆಲ್ಲ ಒಮ್ಮೆಗೇ ಎದ್ದರು. ಒಬ್ಬ ಕಾರು ತಿರುಗಿಸಿದ, ಒಬ್ಬ ಫೋನು ಹಚ್ಚಿದ, ಇಬ್ಬರು ತೋಳಿಗೆ ತೋಳು ಕೊಟ್ಟು ಭಾವನನ್ನು ಎತ್ತಿಯೇ ಬಿಟ್ಟರು. ಗ್ಯಾಸಿರಬಹುದು ಎಂಬ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. ನಾನು ಕಾದು ಕೇಳಿದೆ, ಬರಲೇ ಇಲ್ಲ.

ನರ್ಸಿಂಗ್ ಹೋಮಿನ ಬಾಗಿಲಲ್ಲಿ ಗಾಲಿಕುರ್ಚಿ ಕಾಯುತ್ತಿತ್ತು. ಭಾವನನ್ನು ಲಿಫ್ಟಿನಲ್ಲಿ ಮೇಲಕ್ಕೆ ಒಯ್ದು, ಹಾಸಿಗೆಯ ಮೇಲೆ ಮಲಗಿಸಿ, ಅಂಗಿ ಬಿಚ್ಚಿಸಿದರು. ಎದೆಯ ಮೇಲಿದ್ದ ಲಿಂಗದ ಕರಡಿಗೆಯನ್ನು ಪಕ್ಕಕ್ಕೆ ಹಿಡಿದುಕೊಳ್ಳಬೇಕೆಂದು ನರ್ಸಮ್ಮ ಎಷ್ಟು ಮರ್ಯಾದೆಯಿಂದ ಕೇಳಿದಳು! ಡ್ಯೂಟಿ ಡಾಕ್ಟರು, ಇನ್ನೂ ಎಳೆಯ ವಯಸ್ಸಿನವನು, ಭಾವನ ಕಡೆಗೇ ಬಾಗಿ ಒಂದೊಂದೇ ಪ್ರಶ್ನೆ ಕೇಳಿದ. ನೋವು ಎಲ್ಲಿಂದ ಶುರುವಾಯಿತು? ಕೈಗೆ ಇಳಿಯುತ್ತದೆಯೇ? ದವಡೆಗೆ ಏರುತ್ತದೆಯೇ? ಬೆವರು ಬಂತೇ? ನಡೆದರೆ ಹೆಚ್ಚಾಗುತ್ತದೆಯೇ? ನಾನು ಪರದೆಯ ಆಚೆ ನಿಂತು ಕೇಳಿಸಿಕೊಂಡೆ. ಆ ಪ್ರಶ್ನೆಗಳಿಗೆಲ್ಲ ಹೌದು ಎಂದು ಉತ್ತರ ಕೊಡಬೇಕಾದವಳು ಆ ಹೊತ್ತಿನಲ್ಲಿ ಮೆಟ್ಟಿಲು ಹತ್ತುತ್ತಿದ್ದಳು. ಭಾವ ಎಲ್ಲಕ್ಕೂ ಇಲ್ಲ, ಇಲ್ಲ, ಉರಿ ಮಾತ್ರ ಎನ್ನುತ್ತಿದ್ದ. ಆದರೂ ಇಸಿಜಿಯ ತಂತಿಗಳು ಬಂದವು, ರಕ್ತ ತೆಗೆದರು. ಗೃಹಪ್ರವೇಶಕ್ಕೆ ಬಂದವನು, ರೇಷ್ಮೆ ಪಂಚೆ ಉಟ್ಟಿದ್ದ. ಫಂಕ್ಷನ್‌ಗೆ ಹೊರಟ ಹಾಗಿದ್ದೀಯ ಎಂದು ಅವನಿಗೆ ಯಾರೂ ಅನ್ನಲಿಲ್ಲ.

ಲಿಫ್ಟಿನಲ್ಲಿ ಗಂಡಸರು ತುಂಬಿಕೊಂಡಿದ್ದರಿಂದ ಅಕ್ಕ ಗಂಡನ ಅಂಗವಸ್ತ್ರ, ಚಪ್ಪಲಿ, ನೀರಿನ ಬಾಟಲಿ ಹಿಡಿದು ಮೆಟ್ಟಿಲು ಹತ್ತಿಕೊಂಡು ಬಂದಳು. ಬಂದವಳು ಗೋಡೆಗೆ ಬೆನ್ನು ಕೊಟ್ಟು ಹಾಗೇ ನೆಲಕ್ಕೆ ಜಾರಿ ಕೂತಳು. ಮುಖ ಒಲೆಯ ಬೂದಿಯ ಬಣ್ಣಕ್ಕೆ ಬಂದಿತ್ತು. ರವಿಕೆ ಬೆನ್ನಿಗೆ ಅಂಟಿತ್ತು. ನೆಂಟರೆಲ್ಲ ಅವಳನ್ನು ನೋಡಿದರು. ನೋಡಿ ಕರಗಿಹೋದರು.

"ಪಾಪ, ಗಂಡ ಅಂದ್ರೆ ಪ್ರಾಣ ಕಣಪ್ಪ" ಎಂದು ಒಬ್ಬಳು ಕಣ್ಣೊರೆಸಿಕೊಂಡಳು. ನರ್ಸಮ್ಮ ಬಂದು, "ಗಾಬ್ರಿಯಾಗ್ಬೇಡಿ ಅಮ್ಮ, ನಿಮ್ಮ ಯಜಮಾನ್ರಿಗೆ ಏನೂ ಆಗಿಲ್ಲ" ಎಂದು ಅವಳ ಭುಜ ತಟ್ಟಿ ಹೋದಳು.

ನಾನು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, "ಅದೇನಾ?" ಎಂದೆ.

ಅವಳು ಹೌದೆಂದು ತಲೆಯಾಡಿಸಿದಳು. "ಈ ಸಲ ಓಯ್ತಾ ಇಲ್ಲ ಕಣೇ."

ನಾನು ಪರದೆ ಸರಿಸಿ ಡ್ಯೂಟಿ ಡಾಕ್ಟರಿಗೆ ಹೇಳಿದೆ. ತಿಂಗಳುಗಳಿಂದ ನೋವಿದೆ, ಈಗ ಬಿಡುತ್ತಿಲ್ಲ, ಅದೇ ಮಷಿನ್ ಒಂದು ಸಲ ಅವಳಿಗೂ ಹಚ್ಚಿ ನೋಡಿ ಎಂದೆ. ಅವನು ಅಕ್ಕನ ಕಡೆ ಒಮ್ಮೆ ಕತ್ತು ಚಾಚಿ ನೋಡಿದ. "ಟೆನ್ಷನ್‌ಗೆ ಹಾಗಾಗುತ್ತೆ ಮೇಡಂ. ಇಂಥ ಟೈಮಲ್ಲಿ ಲೇಡೀಸ್‌ಗೆ ಕಾಮನ್. ನೀರು ಕುಡಿಸಿ, ಗಾಳಿ ಹಾಕಿ." ನಾನು ಗಂಟಲೇರಿಸಿದೆ. ಕ್ಲಾಸಿನಲ್ಲಿ ಕೊನೆಯ ಬೆಂಚಿಗೆ ಕೇಳಿಸಬೇಕಾದ ಗಂಟಲು ನನ್ನದು, ಅದು ಅವನಿಗೆ ಕೇಳಿಸಲಿಲ್ಲವೆಂದೇನಲ್ಲ. "ಸ್ವಲ್ಪ ಮೆತ್ತಗೆ ಮೇಡಂ, ಒಳಗೆ ಪೇಷಂಟ್ ಇದ್ದಾರೆ" ಎಂದ.

ಪೇಷಂಟು ಆಗಲೇ ದೊಡ್ಡದೊಂದು ತೇಗು ತೇಗಿದ. ಕಾರಿಡಾರಿನವರೆಗೂ ಕೇಳಿಸಿತು. ನೆಂಟರೆಲ್ಲ ನಗುತ್ತಾ ಶಿವಶಿವಾ ಎಂದು ಕೈಮುಗಿದರು. ಇಸಿಜಿಯಲ್ಲಿ ಏನೂ ಇರಲಿಲ್ಲ. "ಗ್ಯಾಸ್ಟ್ರಿಕ್ ಅನ್ಸುತ್ತೆ ಸರ್. ಆದ್ರೂ ರಿಸ್ಕ್ ತಗೊಳ್ಳೋದು ಬೇಡ, ಎಕೋ ಒಂದು ಮಾಡಿಬಿಡೋಣ" ಎಂದು ಡ್ಯೂಟಿ ಡಾಕ್ಟರು ಭಾವನಿಗೆ ಹೇಳುತ್ತಿದ್ದ. ಗಂಡಸಿನ ಗ್ಯಾಸಿಗೆ ಹೃದಯದ ಮಷಿನ್ನು, ಹೆಂಗಸಿನ ಹೃದಯಕ್ಕೆ ಗ್ಯಾಸಿನ ಮಾತ್ರೆ. ಮತ್ತೆ ಹೊರಗೆ ಬಂದು, ಬೆವರಲ್ಲಿ ತೊಯ್ದ ಅಕ್ಕನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಅದನ್ನು ಕೇಳುತ್ತಿದ್ದೆನಲ್ಲ, ಆ ಅಸಹ್ಯ ಇವತ್ತಿಗೂ ನನ್ನ ನಾಲಿಗೆಯ ಮೇಲಿಂದ ಹೋಗಿಲ್ಲ.

ಅವಳ ತಲೆಯನ್ನು ಪಕ್ಕದವಳ ಮಡಿಲಿಗೆ ಕೊಟ್ಟು, ನರ್ಸಮ್ಮನನ್ನು ತಳ್ಳಿಕೊಂಡೇ ಭಾವನ ಹಾಸಿಗೆಯ ಹತ್ತಿರ ಹೋದೆ. "ಭಾವ, ಅಕ್ಕ ಸಾಯ್ತಾ ಇದ್ದಾಳೆ. ನನ್ನ ಮಾತು ಇವರು ಕೇಳ್ತಾ ಇಲ್ಲ" ಎಂದೆ. ಭಾವ ಎದೆಗೆ ಅಂಟಿಸಿದ ತಂತಿಗಳ ಸಮೇತ ಎದ್ದು ಕೂತ. ನೆಲದ ಮೇಲಿದ್ದ ಹೆಂಡತಿಯನ್ನು ನೋಡಿದ.

"ಸಾ, ನಂದೇನೂ ಇಲ್ಲ ಬುಡಿ. ಮೊದ್ಲು ಅವ್ಳ್ನ ನೋಡಿ."

"ಆಯ್ತು ಸರ್" ಎಂದ ಡ್ಯೂಟಿ ಡಾಕ್ಟರು.

ಅಷ್ಟೇ. ಹೊಟ್ಟೆ ಉಬ್ಬಿಸಿಕೊಂಡು ಮಲಗಿದ್ದ ಗಂಡಸಿನ ಒಂದೇ ಮಾತಿಗೆ ಬಾಗಿಲು ತೆರೆಯಿತು. ಅಕ್ಕನನ್ನು ಎತ್ತಿ ಪಕ್ಕದ ಹಾಸಿಗೆಯ ಮೇಲೆ ಮಲಗಿಸಿದರು. ಅವಳು ಅಷ್ಟರಲ್ಲೂ ಸೆರಗು ಎಳೆದುಕೊಳ್ಳಲು ನೋಡುತ್ತಿದ್ದಳು, ನಾನು ಕೈ ಹಿಡಿದುಕೊಂಡೆ. ಮಷಿನ್ನಿನಿಂದ ಕಾಗದ ಹೊರಗೆ ಬರುತ್ತಿದ್ದ ಹಾಗೆ ಆ ಹುಡುಗ ಡಾಕ್ಟರಿನ ಮುಖ ಇಳಿಯಿತು. ಮೇಡಂ ಗೀಡಂ ಎಲ್ಲ ಬಿಟ್ಟು ಹೊರಗೆ ಓಡಿದ. ಆಮೇಲೆ ಆ ಕೋಣೆಯಲ್ಲಿ ಯಾರೂ ಮೆತ್ತಗೆ ಮಾತಾಡಲಿಲ್ಲ.

ದೊಡ್ಡ ಡಾಕ್ಟರು ಬಂದರು. ನೋಡಿದ್ದು ಅಕ್ಕನನ್ನು, ಮಾತಾಡಿದ್ದು ಭಾವನ ಜೊತೆ. "ನಿಮ್ಮ ಮಿಸೆಸ್‌ಗೆ ಹಾರ್ಟ್ ಅಟ್ಯಾಕ್ ಆಗ್ತಾ ಇದೆ. ಇದು ಇವತ್ತಿಂದಲ್ಲ, ಹಿಂದೆಯೂ ಒಂದು ಆಗಿಹೋಗಿರೋ ಹಾಗಿದೆ. ಹಾರ್ಟಿನ ಒಂದು ಭಾಗ ಆಗಲೇ ಕೆಲಸ ನಿಲ್ಲಿಸಿದೆ. ಈಗಲೇ ಒಳಗೆ ತಗೋಬೇಕು." ನಾನು ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಎಲ್ಲವನ್ನೂ ಹೇಳಲು ಶುರುಮಾಡಿದೆ. ಅವರಿಗೆ ಹೊತ್ತಿರಲಿಲ್ಲ, ಅದು ಸರಿಯೇ. ಆದರೆ ಅಕ್ಕನ ಕಡೆ ಬಾಗಿ ಒಂದು ಮಾತು ಹೇಳುವುದಕ್ಕೆ ಅವರಿಗೆ ಹೊತ್ತಿತ್ತು.

"ಇಷ್ಟು ದಿನ ಯಾಕಮ್ಮ ಸುಮ್ನಿದ್ರಿ? ನಿಮ್ಮ ಹೆಂಗಸರದ್ದು ಇದೇ ಪ್ರಾಬ್ಲಂ. ಬಾಯಿ ಬಿಟ್ಟು ಹೇಳೋದೇ ಇಲ್ಲ."

ನನ್ನ ಅಕ್ಕ, ಹೃದಯದ ಒಂದು ಭಾಗ ಸತ್ತು ಇನ್ನೊಂದು ಭಾಗ ಸಾಯುತ್ತಿದ್ದವಳು, ಎರಡು ಕೈ ಕೂಡಿಸಲು ನೋಡಿದಳು.

"ತಪ್ಪಾಯ್ತು ಸಾ" ಎಂದಳು.

ಅವಳನ್ನು ಒಳಗೆ ತಳ್ಳಿಕೊಂಡು ಹೋದ ಮೇಲೆ ನಾನು ಬಚ್ಚಲಿಗೆ ಹೋಗಿ ಗೃಹಪ್ರವೇಶದ ಊಟವನ್ನೆಲ್ಲ ವಾಂತಿ ಮಾಡಿದೆ.

ಅಕ್ಕ ಬದುಕಿದಳು. ರಕ್ತನಾಳದೊಳಗೆ ಸ್ಟೆಂಟ್ ಹಾಕಿದರು. ಅವರು ಕೆಲಸವನ್ನು ಚೆನ್ನಾಗಿಯೇ ಮಾಡಿದರು, ಅದನ್ನು ಇಲ್ಲವೆನ್ನುವುದಿಲ್ಲ. ಸತ್ತ ಭಾಗ ಮಾತ್ರ ಮತ್ತೆ ಬರುವುದಿಲ್ಲವಂತೆ. ಬುಟ್ಟಿ ಹೊರುವುದಿರಲಿ, ಒಂದು ಕೊಡ ನೀರು ಎತ್ತಬಾರದು, ಮೆಟ್ಟಿಲು ಹತ್ತಬೇಕಾದರೆ ನಿಂತು ನಿಂತು ಹತ್ತಬೇಕು.

ಭಾವ ರಿಪೋರ್ಟುಗಳನ್ನೆಲ್ಲ ಹಿಡಿದು ಅರಕಲಗೂಡಿನ ಡಾಕ್ಟರ ಬಳಿ ಹೋದ. ಅವನು ಜಗಳ ಆಡಲು ಹೋದದ್ದು ಅದೇ ಮೊದಲು. ಅವರು ಎಲ್ಲವನ್ನೂ ತಿರುವಿ ನೋಡಿ, ಶಾಂತವಾಗಿ, "ಅವತ್ತು ಗ್ಯಾಸು ಅಂದಿದ್ದು ನೀವೇ ಅಲ್ವಾ?" ಎಂದರಂತೆ. ಭಾವ ಮನೆಗೆ ಬಂದು ಅಂಗಡಿಗೂ ಹೋಗದೆ, ಊಟಕ್ಕೂ ಏಳದೆ ಗೋಡೆಯ ಕಡೆ ಮುಖ ಮಾಡಿ ಮಲಗಿದನೆಂದು ಅಕ್ಕ ಹೇಳಿದಳು. ಹೇಳುವಾಗ ಅವಳಿಗೆ ಗಂಡನ ಮೇಲೆ ಕನಿಕರ. ನನಗೂ ಅವನ ಮೇಲೆ ಕನಿಕರವೇ. ಆ ಡಾಕ್ಟರ ಬಾಗಿಲಲ್ಲಿ ಈಗಲೂ ಅಷ್ಟೇ ಜನ ಕಾಯುತ್ತಾರೆ.

ನೋಡಲು ಬಂದ ನೆಂಟರಿಷ್ಟರು ಒಂದು ಕಥೆ ಕಟ್ಟಿಕೊಂಡರು. "ಗಂಡನ್ ಒಟ್ಟೆನೋವು ಎಂಡ್ತಿ ಪ್ರಾಣ ಉಳಿಸ್ತು ನೋಡು. ಏಳೇಳು ಜನ್ಮದ ಋಣ ಅಂದ್ರೆ ಇದೇ ಕಣವ್ವ." ಬಾಳೆಹಣ್ಣು, ಬ್ರೆಡ್ಡು ತಂದವರೆಲ್ಲ ಇದನ್ನೇ ಹೇಳಿ, ಅಕ್ಕನಿಗೆ ನೀನು ಪುಣ್ಯವಂತೆ ಎಂದು ಹೋಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಆದರೆ ಎದುರಾಡಲು ನನ್ನ ಬಳಿ ಏನಿತ್ತು? ಅವರು ಹೇಳಿದ್ದು ನಿಜವೇ. ಅವತ್ತು ಭಾವ ಒಂದು ಬೋಂಡ ಕಡಿಮೆ ತಿಂದಿದ್ದರೆ ಅಕ್ಕ ಆ ಹೊಸ ಮನೆಯ ಹಿತ್ತಲಲ್ಲಿ ಪಾತ್ರೆಗಳ ಮುಂದೆ ಸತ್ತಿರುತ್ತಿದ್ದಳು. ಆಗಲೂ ಯಾರೋ ಒಬ್ಬರು ಗ್ಯಾಸು ಎದೆಗೇರಿತು ಎನ್ನುತ್ತಿದ್ದರು.

ಹೋದ ತಿಂಗಳು ಅರಕಲಗೂಡಿಗೆ ಹೋಗಿದ್ದೆ. ಅಕ್ಕ ಜಗಲಿಯಲ್ಲಿ ಕೂತು ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಒಂದು ಹಿಡಿ ಎತ್ತಿಕೊಂಡೆ. ಅತ್ತೆ ಒಳಗೆ ಹೋಗುವವರೆಗೆ ಕಾದು, ಅವಳು ನನ್ನ ಹತ್ತಿರಕ್ಕೆ ಸರಿದಳು.

"ನಿಂಗೊಂದ್ ಮಾತು ಹೇಳ್ಬೇಕು ಅಂ‌ತ ಇದ್ದೆ. ಮತ್ತೆ ನಂಗೇನಾದ್ರೂ ಆದ್ರೆ, ನಂಗೆ ಅಂತ ಹೇಳ್ಬ್ಯಾಡ ಕಣೇ. ನಿಮ್ ಭಾವಂಗೆ ಎದೆನೋವು ಅಂತ ಆಸ್ಪತ್ರೆಗೆ ಫೋನ್ ಮಾಡ್ಬುಡು. ಬಿರ್ನೆ ಬತ್ತಾರೆ."

ತಮಾಷೆಗೆ ಹೇಳಿದಳೇನೋ ಎಂದು ಮುಖ ನೋಡಿದೆ. ಇಲ್ಲ. ಎಷ್ಟೋ ದಿನ ಕೂತು ಯೋಚಿಸಿದ ಮಾತು ಅದು, ಅವಳಿಗೆ ಬದುಕಬೇಕಾಗಿತ್ತು. ನಾನು ಆಗಲಿ ಎಂದೆ.